ಪುಟ್ಟಿಗೆ ದೊಡ್ಡಪ್ಪನ ವಾಯ್ಸ್: ಬ್ರೆಡ್ ಖಾಲಿಯಾದ್ರೆ ಆಗ್ಲಿ ಬಿಡು

ಹಲೋ ಪುಟ್ಟಿ, ದೊಡ್ಡಪ್ಪ ಕಣಮ್ಮ. ನಿನ್ ಮೆಸೇಜು ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡ್ದೆ. ಅಮೆರಿಕದ ನಿಮ್ಮ ಬಫಲೋದಲ್ಲಿ ನಾಳೆ ರಾತ್ರಿಯಿಂದ ಜೋರು ಹಿಮ ಬೀಳುತ್ತಂತೆ, ಅಂಗಡೀಲಿ ಬ್ರೆಡ್ಡೂ ಇಲ್ಲ ಹಾಲೂ ಇಲ್ಲ, ಏನ್ ಮಾಡೋದು ದೊಡ್ಡಪ್ಪ ಅಂತ ಖಾಲಿ ಶೆಲ್ಫಿನ ಫೋಟೋ ಹಾಕಿದ್ದೀಯ. ಅದರ ಕೆಳಗೆ ನಿಮ್ಮತ್ತೆ ಕೈ ಮುಗಿದಿದ್ದಾಳೆ, ನಿಮ್ಮಪ್ಪ 'ಹುಷಾರು' ಅಂತ ಒಂದ್ಮಾತು ಹಾಕಿ ತೋಟಕ್ಕೆ ಹೋಗಿದ್ದಾನೆ. ಬೆರಳಲ್ಲಿ ಒತ್ತಿ ಬರೆಯಕ್ಕೆ ನಂಗಾಗಲ್ಲ, ಅದಕ್ಕೆ ಮಾತಾಡ್ತಿದ್ದೀನಿ. ಕಣದಲ್ಲಿ ಕಾಫಿ ಒಣಗಾಕಿ ಕಾಯ್ತಾ ಕೂತಿದ್ದೀನಿ, ಮಧ್ಯೆ ಕೋಳಿ ಓಡಿಸಿದ್ರೆ ಬೇಜಾರ್ ಮಾಡ್ಕೋಬೇಡ.

ಮೊದಲು ಇದು ಹೇಳು, ನಿಮ್ಮನೆ ಒಲೆ ಗ್ಯಾಸಾ ಕರೆಂಟಾ? ಕರೆಂಟಿಂದಾದ್ರೆ, ನೀನು ತಂದಿಟ್ಕೊಂಡಿರೋ ಅಕ್ಕಿ ಮೂಟೆ ಲೈನ್ ಹೋದ ಗಳಿಗೆಗೆ ಬರೀ ಕಲ್ಲು. ಬೇಯಿಸದೆ ತಿನ್ನೋದು ಮನೇಲಿ ಏನಿದೆ ನೋಡು. ಹೋದ ಸಲ ನಿಮ್ಮ ದೊಡ್ಡಮ್ಮ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಾಗ ಮುಖ ಹಿಂಡಿದ್ಯಲ್ಲ, ಅದನ್ನ ಹುಡುಕು. ಅವಲಕ್ಕಿ, ಕಡ್ಲೆಬೀಜ, ಬೆಲ್ಲ ಎತ್ತಿಡು. ಲಡಾಖಿನವರ ಚಳಿಗಾಲ ಕಳೆಯೋದೇ ಅಂಥ ಹಿಟ್ಟಿನಲ್ಲಿ. ಬಾರ್ಲಿ ಹುರಿದು ಬೀಸಿ ಇಟ್ಕೊಂಡು, ಉಪ್ಪು ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿಂತಾರೆ. ಸಾಂಪಾ ಅಂತಾರೆ. ಚಹಾಕ್ಕೆ ಉಪ್ಪಾ ಅಂತ ಅಲ್ಲಿಗೆ ಹೋದ ಮೊದಲ್ನೇ ದಿನ ಬೈಕೊಂಡೆ. ಆದ್ರೆ ಆ ಹಿಟ್ಟಿನ ವಾಸನೆಗೆ ನಮ್ಮಜ್ಜಿ ನೆನಪಾಗಿ ಕಣ್ಣಲ್ಲಿ ನೀರು ಬಂತು.

ನಾನು ಲಡಾಖಿನ ಲೇಹ್‌ನಲ್ಲಿ ಮಿಲಿಟರಿ ರೇಷನ್ ಸ್ಟೋರಲ್ಲಿ ಇದ್ದೋನು. 1990ರ ದಶಕದ ಮಾತು. ಆಗ ನವೆಂಬರ್ ಬಂತಂದ್ರೆ ಶ್ರೀನಗರದ ಕಡೆಯ ಬೆಟ್ಟದ ದಾರಿ ಜೋಜಿ ಲಾ ಮುಚ್ತಿತ್ತು, ಮನಾಲಿ ಕಡೆ ರೋಹ್ತಾಂಗೂ ಮುಚ್ತಿತ್ತು. ಮತ್ತೆ ಲಾರಿ ಮುಖ ನೋಡೋದು ಮುಂದಿನ ಬೇಸಿಗೇಲೇ. ಅಲ್ಲೀವರೆಗೆ ವಿಮಾನದಲ್ಲಿ ಬಂದಷ್ಟೇ ಬಂತು, ಮೋಡ ಕಟ್ಟಿದ್ರೆ ಅದೂ ಇಲ್ಲ. ಗೋಧಿ ಹಿಟ್ಟು, ಬೇಳೆ, ಸೀಮೆಎಣ್ಣೆ, ಡಬ್ಬಿ ತರಕಾರಿ, ಎಲ್ಲಾ ರಸ್ತೆ ತೆರೆದಿರೋ ನಾಲ್ಕೈದು ತಿಂಗಳಲ್ಲೇ ಬಂದು ಬೀಳ್ಬೇಕು. ಈರುಳ್ಳಿ ಹೆಪ್ಪುಗಟ್ಟಿ, ಬಿಸಿ ತಾಗಿದ ಕೂಡಲೇ ಕೊಳೆತ ಬಾಳೆಹಣ್ಣಿನಂಗಾಗೋದು. ಮೊಟ್ಟೆ ಒಡೆದ್ರೆ ಗೋಲಿ ಥರ ಟಣ್ ಅಂತ ಬೀಳೋದು. ಡಬ್ಬಿ ಬೀನ್ಸ್ ಕಂಡ್ರೆ ಇವತ್ತಿಗೂ ನಂಗಾಗಲ್ಲ, ಹಾಗಾಗಿ ನಿಮ್ಮನೆಗೆ ಬಂದಾಗ ಅದನ್ನ ಮಾತ್ರ ಮಾಡ್ಬೇಡ.

ನಮ್ಮ ಸ್ಟೋರಿಗಿಂತ ಅಲ್ಲಿನ ಊರವರೇ ಬುದ್ಧಿವಂತ್ರು. ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್ಟು ಎಲ್ಲಾ ಗುಂಡಿ ತೋಡಿ ಮುಚ್ಚಿಡ್ತಾರೆ. ಮಣ್ಣಿನ ಒಳಗೆ ಹೆಪ್ಪುಗಟ್ಟಲ್ಲ. ನಮ್ಮಮ್ಮನ ತವರು ಅರಸೀಕೆರೆ ಕಡೆ ನೆಲದೊಳಗೆ ರಾಗಿ ತುಂಬಿಡೋ ಗುಂಡಿ, ಹಗೇವು, ಇರ್ತಿತ್ತಲ್ಲ, ಅದರ ತಮ್ಮ ಅಂದ್ಕೋ. ಕಾಶ್ಮೀರದವರು ಸೋರೆಕಾಯಿ, ಬದನೆ, ಟೊಮೇಟೊ ಬೇಸಿಗೇಲೇ ಹೆಚ್ಚಿ ಒಣಗಿಸ್ತಾರೆ. ನಮಗೆ ಆರಿದ್ರೆ, ಪುನರ್ವಸು, ಪುಷ್ಯ ಅಂತ ಮಳೆಗೆ ಹೆಸರಿದ್ದಂಗೆ ಅವರು ಚಳಿಗೂ ಹೆಸರಿಟ್ಟಿದ್ದಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಒಂದು, 10 ದಿನ ಇನ್ನೊಂದು. ಹೆಸರಿಟ್ಟು ಎದುರು ನೋಡೋದಕ್ಕೆ ಯಾರೂ ಹಿಂದಿನ ದಿನ ಸಂತೆಗೆ ಓಡಲ್ಲ. ನಮ್ಮನೇಲೂ ಅಷ್ಟೇ ಅಲ್ವಾ? ಮಿಥುನ ಮಾಸ ಹುಟ್ಟೋದ್ರೊಳಗೆ ಅಟ್ಟದ ಮೇಲೆ ಸೌದೆ, ಡಬ್ಬೀಲಿ ಹಲಸಿನ ಹಪ್ಪಳ, ಮೂಲೇಲಿ ಮಣ್ಣು ಮೆತ್ತಿದ ಹಲಸಿನ ಬೀಜ... ಹುಶ್! ಹುಶ್! ಈ ಕೋಳಿ ನೋಡು.

ಏನ್ ಹೇಳ್ತಿದ್ದೆ? ಹಾಂ, ಹಗೇವು. ಹಗೇವು ತೆಗೆದ ತಕ್ಷಣ ಯಾರೂ ಇಳೀತಿರ್ಲಿಲ್ಲ. ಮೊದಲು ದೀಪ ಇಳಿಬಿಡೋರು, ಆರಿದ್ರೆ ಕೆಟ್ಟ ಗಾಳಿ ಇದೆ ಅಂತ. ಇದನ್ಯಾಕೆ ಹೇಳ್ದೆ ಅಂದ್ರೆ, ನಿಮ್ಮಲ್ಲಿ ಹಿಟರಿಂದ, ಕಾರಿನ ಹೊಗೆಯಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ದೀಪಾನೂ ಆರಲ್ಲ, ವಾಸನೇನೂ ಇಲ್ಲ. ಲೇಹ್‌ನಲ್ಲಿ ಬುಖಾರಿ ಅನ್ನೋ ಚಳಿ ಕಾಯಿಸೋ ಒಲೆ ಹಚ್ಚಿ ಕಿಟಕಿ ಬಿಗಿ ಮಾಡಿ ಮಲಗಿದೋರಿಗೆ ಬೆಳಗಾಗ್ತಿರ್ಲಿಲ್ಲ, ಅದಕ್ಕೇ ಮಲಗೋ ಮುಂಚೆ ಆರಿಸಿದ್ದಾರಾ ಅಂತ ನೋಡಕ್ಕೆ ಒಬ್ಬ ಸುತ್ತು ಬರ್ತಿದ್ದ. ನಿಮ್ಮನೆ ಗೋಡೆ ಹೊರಗೆ ಹಿಟರ್ ಹೊಗೆ ಹೋಗೋ ಕೊಳವೆ ಇರುತ್ತೆ, ಹಿಮ ಅದನ್ನ ಮುಚ್ಚದಂಗೆ ಕೆದಕ್ತಾ ಇರಿ. ಕಾರು ಶುರು ಮಾಡೋ ಮುಂಚೆ ಸೈಲೆನ್ಸರ್ ಬಾಯಿ ಬಿಡಿಸಿ. ಆ ವಿಷಗಾಳಿ ಪತ್ತೆ ಮಾಡೋ ಅಲಾರಂ ಡಬ್ಬಿ ಬ್ಯಾಟರಿ ಇವತ್ತೇ ನೋಡಿ. ಅಳಿಯಂದ್ರಿಗೆ ಹೇಳು, ಸಲಿಕೆ ಹಿಡ್ಕೊಂಡು ಒಂದೇ ದಮ್ಮಿಗೆ ಬಾಚೋದು ಬೇಡ, ಕೂತು ಕೆಲಸ ಮಾಡೋರ ಎದೆ ಅದನ್ನ ತಡೆಯಲ್ಲ.

ಊರಿನ ಉತ್ತರಕ್ಕಿರೋ ನಿನ್ ಸ್ನೇಹಿತೆ 'ಇಲ್ಲೇನೂ ಬೀಳಲ್ಲ' ಅಂದ್ಲು ಅಂತ ಬರ್ದಿದ್ಯಲ್ಲ. ಅವಳ ಮಾತು ಅವಳಿಗೆ ಸರಿ. ಮೂಡಿಗೆರೇಲಿ ಛತ್ರಿ ಮುರಿಯೋ ಮಳೆ ಹೊಡೀವಾಗ ಕಡೂರಲ್ಲಿ ಧೂಳೇಳುತ್ತೆ, ಒಂದೇ ಜಿಲ್ಲೆ. ನಿಮಗೂ ಹಂಗೇ. ಈರೀ ಕೆರೆ, ಕೆರೆ ಏನ್ ಬಂತು, ಸಮುದ್ರಾನೇ, ಅದರ ಬೆಚ್ಚನೆ ನೀರಿನ ಮೇಲೆ ಕೊರೆಯೋ ಗಾಳಿ ಹಾದು ತೇವ ಹೊತ್ಕೊಂಡು ಬಂದು ದಡದಲ್ಲಿ ಸುರಿಯುತ್ತೆ. 2014ರ ನವೆಂಬರಲ್ಲಿ ಊರಿನ ದಕ್ಷಿಣಕ್ಕೆ 7 ಅಡಿ ಹತ್ರ ಬಿದ್ದಾಗ ಉತ್ತರದಲ್ಲಿ ಕೆಲವೇ ಇಂಚು. ಹಾಗಾಗಿ ಅವಳ ಮಾತು ಕೇಳಿ ನೀನು ಕಾರು ತೆಗೀಬೇಡ.

2022ರ ಡಿಸೆಂಬರ್ 23ರಿಂದ ನಿಮ್ಮೂರಲ್ಲಿ ಆದದ್ದು ಗೊತ್ತಲ್ಲ? ಆಂಬುಲೆನ್ಸು, ಫೈರ್ ಎಂಜಿನ್ನೂ ಹಿಮದಲ್ಲಿ ಹೂತೋದ್ವು. 40ಕ್ಕೂ ಹೆಚ್ಚು ಜನ ಸತ್ರು, ಕೆಲವರು ಕಾರಲ್ಲೇ. ಅದರ ಮಧ್ಯೆ ಕೊರಿಯಾದ ಪ್ರವಾಸಿಗಳ ವ್ಯಾನು ಸಿಕ್ಕಾಕೊಂಡು, ಸಲಿಕೆ ಕೊಡ್ತೀರಾ ಅಂತ ಯಾರದೋ ಮನೆ ಬಾಗಿಲು ತಟ್ಟಿದ್ರು. ಆ ಮನೆಯ ಗಂಡ ಹೆಂಡ್ತಿ, ಡ್ರೈವರ್ ಸೇರಿ 10 ಜನಾನೂ ಒಳಗೆ ಕರ್ಕೊಂಡ್ರು. ತಮಾಷೆ ಏನಂದ್ರೆ, ಆ ಮನೇಲಿ ಕೊರಿಯಾ ಅಡಿಗೆ ಸಾಮಾನೆಲ್ಲಾ ಇತ್ತು. ಬಂದೋರೇ ಅಡಿಗೆ ಮಾಡಿ ಮನೆಯವರಿಗೂ ಬಡಿಸಿದ್ರಂತೆ!

2019ರ ಆಗಸ್ಟಲ್ಲಿ ಚಾರ್ಮಾಡಿ ಕುಸಿದಾಗ ನಮ್ಮ ಕಡೆ ಅಕ್ಕಿಗೇನೂ ಬರ ಬರ್ಲಿಲ್ಲ ಪುಟ್ಟಿ. ತೊಂದ್ರೆ ಆಗಿದ್ದು ಮೇಲಿನ ಮನೆ ಅಜ್ಜಿಯ ಸಕ್ಕರೆ ಕಾಯಿಲೆ ಇಂಜೆಕ್ಷನ್ನಿಗೆ. ಕರೆಂಟಿಲ್ಲ, ಫ್ರಿಜ್ ಇಲ್ಲ, ರಸ್ತೆಗೆ ಮರ ಬಿದ್ದಿದೆ. ಯಾರ ಹತ್ರ ಜೀಪಿದೆ, ಯಾರ ಹತ್ರ ಮರ ಕುಯ್ಯೋ ಮಿಷನ್ನಿದೆ, ಯಾರ ಮನೇಲಿ ಗೋಬರ್ ಗ್ಯಾಸಿದೆ ಅಂತ ನಮಗೆಲ್ಲಾ ಬಾಯಿಪಾಠ ಇದ್ದದ್ದಕ್ಕೆ ನಾಲ್ಕು ಗಂಟೇಲಿ ಮದ್ದು ಬಂತು, ತಂಪಿಗೆ ಮಡಕೆ ಒಳಗೆ ಇಟ್ವಿ. ನೀನು ಹೋದ ತಿಂಗ್ಳು ಹೇಳಿದ್ದೆ, ಎದುರು ಮನೇಲಿ ಒಬ್ಬ ಅಜ್ಜಿ ಒಂಟಿಯಾಗಿದ್ದಾರೆ, ಎರಡು ವರ್ಷದಿಂದ ಬರೀ ಕೈ ಬೀಸ್ತೀವಿ ಅಂತ. ಕತ್ತಲಾಗೋ ಮುಂಚೆ ಹೋಗಿ ಫೋನ್ ನಂಬರ್ ತಗೋ, ಏನ್ ಮಾತ್ರೆ ತಗೋತಾರೆ, ಎಷ್ಟು ದಿನಕ್ಕಿದೆ ಕೇಳು. ಇಂಜೆಕ್ಷನ್ ಇದ್ರೆ ಹಿಮದಲ್ಲಿ ಇಡ್ಬೇಡಿ ಅನ್ನು, ಹೆಪ್ಪುಗಟ್ಟಿದ್ರೆ ಕೆಡುತ್ತೆ. ಬರಿಗೈಲಿ ಹೋಗ್ಬೇಡ, ಕೋಡುಬಳೆ ಡಬ್ಬ ಇದ್ಯಲ್ಲ.

ಅಯ್ಯೋ, ಪಡುವಣ ಕಡೆ ಮೋಡ ಏಳ್ತಿದೆ ಕಣೇ, ಡಿಸೆಂಬರಲ್ಲೂ ಬಿಡಲ್ಲ ಇದು. ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಎಳೀಬೇಕು. ಅಜ್ಜಿ ಮನೆಗೆ ಹೋಗಿ ಬಂದ್ಮೇಲೆ ಗ್ರೂಪಿಗೆ ಹಾಕು. ಆಮೇಲೆ ಆ ಒಲೆ ಗ್ಯಾಸಾ ಕರೆಂಟಾ, ಅದನ್ನೂ.