ಲಾರಿ ಮೆಕ್ಯಾನಿಕ್ ಆಗಾಕ ಐಟಿಐ ಡೀಸಲ್ ಟ್ರೇಡ್ ಸಾಕೇನ್ರಿ? (ಕಲಬುರಗಿ)

ಶಹಾಬಾದ್ ರಸ್ತೆ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸ್ಯಾನ. ಲಾರಿ, ಟಿಪ್ಪರ್ ರಿಪೇರಿ ಕೆಲಸಾನೇ ಕಲೀಬೇಕಂತ ಗಟ್ಟಿ ಮನಸ್ಸು ಮಾಡ್ಯಾನ. ಐಟಿಐದಾಗ ಮೆಕ್ಯಾನಿಕ್ ಡೀಸಲ್ ಅಂತ ಒಂದು ವರ್ಷದ್ದು ಅದ, ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಅಂತ ಎರಡು ವರ್ಷದ್ದು ಅದ. ಯಾವುದಕ್ಕ ಹಾಕಬೇಕು? ಮನ್ಯಾಗ ಕೆಲವರು ಐಟಿಐ ಬ್ಯಾಡ, ಸೀದಾ ಉಸ್ತಾದ್ ಕೈಯಾಗ ಬಿಡು, ಎರಡು ವರ್ಷದಾಗ ಇಂಜನ್ ಇಳಿಸ್ತಾನ ಅಂತಾರ. ಆದ್ರ ಈಗಿನ ಬಿಎಸ್6 (ಹೊಗೆ ಕಡಿಮಿ ಮಾಡೋ ಹೊಸ ನಿಯಮದ) ಗಾಡಿ ಹಳೇ ಗಾಡಿ ಹಂಗಿಲ್ಲ. ಸೇಡಂ, ವಾಡಿ ಸಿಮೆಂಟ್ ಲೈನಿನಾಗ ಓಡೋ ಬಲ್ಕರ್ (ಸಿಮೆಂಟ್ ಪುಡಿ ಒಯ್ಯೋ ಟ್ಯಾಂಕರ್), ಟಿಪ್ಪರ್ ನೋಡಿದ್ರ ಎಲ್ಲಾ ಸೆನ್ಸರ್, ಯೂರಿಯಾ ಟ್ಯಾಂಕ್. ಈ ಕೆಲಸ ಗೊತ್ತಿದ್ದವರು ವಿವರವಾಗಿ ತಿಳಿಸ್ರಿ: ಕೋರ್ಸಿನಾಗ ಏನು ಸಿಗತದ, ಏನು ಸಿಗಂಗಿಲ್ಲ, ಹೊರಗ ಏನು ಕಲೀಬೇಕು.

ಡೀಸಲ್ ಮಾಸ್ತರ್

ಎರಡಕ್ಕೂ ಎಸ್ಸೆಸ್ಸೆಲ್ಸಿ ಸಾಕು. ಲಾರಿಯೇ ಗುರಿ ಅಂತ ಖಾತ್ರಿ ಇದ್ದರೆ ಮೆಕ್ಯಾನಿಕ್ ಡೀಸಲ್ ಹಾಕಿ, ಒಂದು ವರ್ಷ ಮುಗಿದ ಕೂಡಲೇ ಅಪ್ರೆಂಟಿಸ್‌ಶಿಪ್‌ಗೆ ಕಳಿಸಿ. ಮುಂದೆ ಡಿಪ್ಲೊಮಾ ಮಾಡುವ ಆಸೆ ಸ್ವಲ್ಪವಾದರೂ ಇದ್ದರೆ ಎರಡು ವರ್ಷದ್ದೇ ಒಳ್ಳೆಯದು, ಯಾಕೆಂದರೆ ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೇರುವ ಅವಕಾಶ ಎರಡು ವರ್ಷದ ಐಟಿಐ ಓದಿದವರಿಗೆ.

ಸೀಟು ಹಿಡಿಯುವ ಮುಂಚೆ ಸಂಸ್ಥೆಯ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಸ್ಟ್ಯಾಂಡ್ ಮೇಲೆ ಇರುವ ಇಂಜಿನ್ ಸ್ಟಾರ್ಟ್ ಆಗುತ್ತದೆಯೇ, ಅಥವಾ ಬಣ್ಣ ಬಳಿದು ನಿಲ್ಲಿಸಿದ ಕಟ್ ಮಾಡೆಲ್ ಮಾತ್ರವೇ? ಕಾಮನ್ ರೇಲ್ ಇಂಜಿನ್ (ಎಲ್ಲ ಸಿಲಿಂಡರ್‌ಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸಲ್ ಹೋಗುವಂಥದ್ದು) ಒಂದಾದರೂ ಇದೆಯೇ? ಏರ್ ಬ್ರೇಕ್ ಬೋರ್ಡ್‌ನಲ್ಲಿ ಗಾಳಿ ತುಂಬುತ್ತದೆಯೇ? ಓಡುವ ಇಂಜಿನ್ ಇಲ್ಲದ ಕಡೆ ಹುಡುಗ ಪುಸ್ತಕದ ಚಿತ್ರವನ್ನಷ್ಟೇ ಕಲಿಯುತ್ತಾನೆ.

ಕೋರ್ಸಿನಲ್ಲಿ ಗಟ್ಟಿಯಾಗಿ ಸಿಗುವುದು ಅಳತೆ. ಮೈಕ್ರೋಮೀಟರ್, ಬೋರ್ ಗೇಜ್, ಡಯಲ್ ಗೇಜ್, ಟಾರ್ಕ್ ರೆಂಚ್. ಗ್ಯಾರೇಜಿನಲ್ಲಿ ಇದನ್ನು ಕೂರಿಸಿ ಹೇಳಿಕೊಡುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ. ಟ್ಯಾಪೆಟ್ ಹೊಂದಾಣಿಕೆಯನ್ನೇ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವೆ ಸರಿಯಾದ ಗ್ಯಾಪ್ ಇಡುವುದನ್ನೇ, ತೆಗೆದುಕೊಳ್ಳಿ. ಹಳೇ ಟಾಟಾ ಲಾರಿಗಳಲ್ಲಿ ಬರುತ್ತಿದ್ದ ಕಮಿನ್ಸ್ 6ಬಿಟಿ ಇಂಜಿನ್‌ನಲ್ಲಿ ಇನ್ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ., ಅದೂ ಇಂಜಿನ್ ತಣ್ಣಗಿರುವಾಗ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-5-3-6-2-4. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗಕ್ಕೆ) ತಂದರೆ 1ರ ಎರಡೂ ವಾಲ್ವ್, 2ರ ಇನ್ಲೆಟ್, 3ರ ಎಕ್ಸಾಸ್ಟ್, 4ರ ಇನ್ಲೆಟ್, 5ರ ಎಕ್ಸಾಸ್ಟ್ ಹಿಡಿಯಬಹುದು. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಉಳಿದವೆಲ್ಲ. ಫಿಲ್ಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಸಡಿಲವಾಗಿ ಓಡಾಡಬಾರದು, ಎಳೆದಾಡುವಂತೆಯೂ ಇರಬಾರದು, ಸ್ವಲ್ಪ ಹಿಡಿತದೊಂದಿಗೆ ಜಾರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ಒಂದಿಷ್ಟು ತಿರುಗುತ್ತದೆ, ಹಾಗಾಗಿ ಬಿಗಿದ ಮೇಲೆ ಗೇಜ್ ಮತ್ತೊಮ್ಮೆ ಹಾಕಲೇಬೇಕು. ಹೆಚ್ಚಿನ ಹುಡುಗರು ಬಿಡುವುದು ಇದೊಂದನ್ನೇ. ಎಕ್ಸಾಸ್ಟ್ ಗ್ಯಾಪ್ ಕಡಿಮೆಯಾದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಕೂರದೆ ಸೀಟು ಸುಡುತ್ತದೆ. ಬೇರೆ ಇಂಜಿನ್‌ಗೆ ಬೇರೆ ಅಳತೆ, ಆಯಾ ಮ್ಯಾನುಯಲ್ ನೋಡಬೇಕು.

ಇನ್ನೊಂದು ಮಾತು. 371ಜೆ ಪ್ರಮಾಣಪತ್ರ (ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರೆಂದು ತೋರಿಸುವ ಪತ್ರ) ಈಗಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ಭಾಗದವರಿಗೆ ತರಬೇತಿ ಸೀಟಿಗೂ ಸರ್ಕಾರಿ ನೌಕರಿಗೂ ಅದು ಬೇಕು. ಸ್ಥಳೀಯರಿಗೆ ಮೀಸಲಿರುವ ಪಾಲು ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80, ಗ್ರೂಪ್ ಡಿಯಲ್ಲಿ ಶೇ. 85. ಅರ್ಜಿ ಕರೆದ ಮೇಲೆ ಓಡಾಡಿದರೆ ಕೊನೆ ದಿನ ಮೀರುತ್ತದೆ.

ಹುಮನಾಬಾದ್ ಗ್ಯಾರೇಜ್

ಮಾಸ್ತರ್ ಹೇಳಿದ್ದು ಖರೇ ಅದ. ಸೀದಾ ಗ್ಯಾರೇಜಿಗೆ ಬಿಡೋದು 20 ವರ್ಷದ ಹಿಂದ ನಡೀತಿತ್ತು. ಆಗ ಇನ್‌ಲೈನ್ ಪಂಪ್, ಎಲ್ಲಾ ಕಣ್ಣಿಗಿ ಕಾಣ್ತಿತ್ತು. ಗಾಡಿ ಮಿಸ್ ಹೊಡೀತಂದ್ರ ಇಂಜನ್ ಚಾಲೂ ಇದ್ದಾಗನೇ ಒಂದೊಂದು ನೋಝಲ್ ಪೈಪ್ ಸಡ್ಲ ಮಾಡಿ ಯಾವ ಸಿಲಿಂಡರ್ ಕೆಲಸ ಮಾಡವಲ್ದು ಅಂತ ನೋಡ್ತಿದ್ದರು.

ತಮ್ಮಗ ಮೊದಲನೇ ದಿನಾನೇ ಹೇಳ್ರಿ: ಕಾಮನ್ ರೇಲ್ ಗಾಡಿಗಿ ಇದನ್ನ ಮಾಡಬಾರದು. ಅದರಾಗ ರೇಲ್ ಪ್ರೆಶರ್ 1600 ಬಾರ್ ದಾಟತದ. ಸಣ್ಣ ಸಂದಿನಾಗಿಂದ ಬರೋ ಡೀಸಲ್ ಕಣ್ಣಿಗಿ ಕಾಣಂಗಿಲ್ಲ, ಚರ್ಮ ಹರಕೊಂಡು ಒಳಗ ಹೋಗತದ. ಮೇಲಿಂದ ಸೂಜಿ ಚುಚ್ಚಿದಷ್ಟೇ ಗಾಯ ಇರತದ, ಒಳಗ ಮಾಂಸ ಕೊಳೀತದ, ಬೆರಳು ತೆಗೀಬೇಕಾಗತದ. ಹಂಗೇನಾರ ಆದ್ರ ಅರಿಶಿಣ ಹಚ್ಚಿ ಕೂಡಬ್ಯಾಡ್ರಿ, ಆಗಿಂದಾಗ ದೊಡ್ಡ ದವಾಖಾನಿಗಿ ಒಯ್ಯಬೇಕು. ಪೈಪ್ ಬಿಚ್ಚೋದಿದ್ರ ಇಂಜನ್ ಬಂದ್ ಮಾಡಿ, ಕಂಪನಿ ಹೇಳಿದಷ್ಟು ಹೊತ್ತು ಬಿಟ್ಟು, ಪ್ರೆಶರ್ ಇಳಿದ ಮ್ಯಾಲೇನೇ ಪಾನಾ ಹಚ್ಚಬೇಕು.

ಡೀಸಲ್ ಫಿಲ್ಟರ್ ಬದಲಿ ಮಾಡೋದು ಸಣ್ಣ ಕೆಲಸ ಅನಸ್ತದ, ಇಂಜೆಕ್ಟರ್ ಹೆಚ್ಚಾಗಿ ಕೆಡೋದು ಅಲ್ಲೇ. ಹಳೇ ರೂಢಿ ಏನಂದ್ರ, ಹೊಸ ಫಿಲ್ಟರಿನಾಗ ಡಬ್ಬಿಲಿಂದ ಡೀಸಲ್ ತುಂಬಿ ಹಚ್ಚೋದು. ಹಂಗ ತುಂಬಿದ ಡೀಸಲ್ ನಡುವಿನ ತೂತಿನಾಗ ಬಿದ್ರ ಅದು ಸೋಸದೇನೇ ಪಂಪಿಗಿ ಹೋಗತದ. ನಮ್ಮ ಕಡಿ ಸಿಮೆಂಟ್ ಧೂಳು, ಶಹಾಬಾದ್ ಕಲ್ಲಿನ ಪುಡಿ ಗಾಳಿನಾಗೇ ಇರತದ, ಡಬ್ಬಿನಾಗ ಇರಂಗಿಲ್ಲೇನು? ಫಿಲ್ಟರ್ ಖಾಲಿ ಹಚ್ಚಿ, ಹ್ಯಾಂಡ್ ಪ್ರೈಮರ್ ಬಿರುಸು ಆಗೋತನಕ ಒತ್ತಬೇಕು. ಬಿಚ್ಚಿದ ಬಾಯಿಗೆಲ್ಲ ಆಗಿಂದಾಗ ಕ್ಯಾಪ್ ಹಾಕಬೇಕು, ಹತ್ತಿ ವೇಸ್ಟ್ ತುರುಕಬಾರದು, ಅದರ ಎಳಿ ಒಳಗ ಉಳೀತದ. ವಾಟರ್ ಸೆಪರೇಟರ್ ನೀರು ಬಿಡೋದು ಮರೀಬಾರದು.

ಯೂರಿಯಾ ವಿಷಯ: ಹೊಗೆ ಶುದ್ಧ ಮಾಡಾಕ ಯೂರಿಯಾ ಟ್ಯಾಂಕಿಗಿ ಹಾಕೋ ಆಡ್‌ಬ್ಲೂ ಅಂದ್ರ 32.5% ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಹೊಲದ ಯೂರಿಯಾ ನೀರಿನಾಗ ಕಲಸಿ ಹಾಕಿದ್ರ ಖರ್ಚು ಉಳೀತದಂತ ಹೇಳೋರು ಇದ್ದಾರ. ಹೊಲದ್ದಕ್ಕ ಬೇವಿನ ಎಣ್ಣಿ ಲೇಪ ಇರತದ, ಬೈಯುರೆಟ್ ಅನ್ನೋ ಕಲಬೆರಕಿ 1.5% ತನಕ ಇರಬಹುದು. ಆಡ್‌ಬ್ಲೂದಾಗ 0.3% ಮ್ಯಾಲ ಇರಬಾರದು. ಡೋಸಿಂಗ್ ನೋಝಲ್ ಬಾಯಿಗಿ ಬಿಳಿ ಕಲ್ಲು ಕಟ್ಟತದ, ಕ್ಯಾಟಲಿಸ್ಟ್ ಸಾಯತದ, ಆಮ್ಯಾಲ ಗಾಡಿ ಪವರ್ ಇಳಿಸತದ. ರಿಫ್ರ್ಯಾಕ್ಟೋಮೀಟರ್ (ಯೂರಿಯಾ ಪ್ರಮಾಣ ಅಳಿಯೋ ಮೀಟರ್) ಹಚ್ಚಿ ನೋಡಿದ್ರ 32.5 ತೋರಸಬಹುದು, ಆದ್ರ ಅದು ಯೂರಿಯಾ ಎಷ್ಟದ ಅಂತ ಹೇಳತದೇ ಹೊರತು ಹೊಲಸು ಹಿಡಿಯಂಗಿಲ್ಲ. ಒಳ್ಳೇ ಡಬ್ಬಿ ತಂದ್ರೂ ನಮ್ಮ ಬ್ಯಾಸಿಗಿಗಿ ನೆರಳಿನಾಗ ಇಡಬೇಕು. 35 ಡಿಗ್ರಿ ಮ್ಯಾಲ ಇಟ್ರ ಬೇಗ ಕೆಡತದ. ಪತ್ರಾ ಶೆಡ್ಡಿನಾಗ ಮೇ ತಿಂಗಳ ಇಡಬ್ಯಾಡ್ರಿ.

ವೈರಿಂಗ್ ಯಾದಗಿರಿ

ಮೇಲಿನ ಎರಡೂ ಉತ್ತರ ಸರಿಯಾಗಿವೆ, ನಾನು ಕರೆಂಟ್ ಕೆಲಸದ ಬಗ್ಗೆ ಸೇರಿಸುತ್ತೇನೆ. ಐಟಿಐ ಮುಗಿಸಿ ಬರುವವರ ಕೈ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಸ್ಕ್ಯಾನರ್ ಹಚ್ಚಿ ಗಾಡಿ ತೋರಿಸುವ ದೋಷದ ಕೋಡ್ ಓದಿ ಸೆನ್ಸರ್ ಬದಲಾಯಿಸುವುದನ್ನೇ ರಿಪೇರಿ ಎಂದುಕೊಳ್ಳುತ್ತಾರೆ. ಕೋಡ್ ಯಾವ ಸರ್ಕ್ಯೂಟ್‌ನಲ್ಲಿ ತೊಂದರೆ ಎಂದಷ್ಟೇ ಹೇಳುತ್ತದೆ. ಸೆನ್ಸರ್ ಕೆಟ್ಟಿದೆಯೋ, ವೈರ್ ತುಂಡಾಗಿದೆಯೋ, ಸಾಕೆಟ್‌ನಲ್ಲಿ ಪಿನ್ ಹಿಂದೆ ಸರಿದಿದೆಯೋ ಅಂತ ಹೇಳುವುದು ಮಲ್ಟಿಮೀಟರ್.

ಮೊದಲು ಕಲಿಯಬೇಕಾದ ಅಳತೆಗಳು ಕೆಲವೇ. ಲಾರಿ 24 ವೋಲ್ಟ್, 12ರ ಎರಡು ಬ್ಯಾಟರಿ ಸೀರೀಸ್‌ನಲ್ಲಿ. ಹೆಚ್ಚಿನ ಪ್ರೆಶರ್ ಸೆನ್ಸರ್‌ಗಳಿಗೆ ಬರುವುದು 5 ವೋಲ್ಟ್. ಸಾಕೆಟ್ ಬಿಚ್ಚಿ ಇಗ್ನಿಷನ್ ಆನ್ ಮಾಡಿ 5 ವೋಲ್ಟ್ ಇದೆಯೇ, ಅರ್ಥ್ ಸರಿಯಾಗಿದೆಯೇ ನೋಡಿದ ಮೇಲೆ ಸೆನ್ಸರ್ ಮಾತು. ಕ್ಯಾನ್ ಲೈನ್ (ಗಾಡಿಯ ಕಂಪ್ಯೂಟರ್‌ಗಳು ಮಾತಾಡುವ ಜೋಡಿ ವೈರ್) ಮೇಲೆ ಸಂಶಯ ಬಂದರೆ ಬ್ಯಾಟರಿ ಕಟ್ ಮಾಡಿ ಎರಡು ವೈರ್ ನಡುವೆ ಓಮ್ ನೋಡಿ. 60 ಬಂದರೆ ಸರಿ, ಯಾಕೆಂದರೆ ಎರಡು ತುದಿಯಲ್ಲಿ 120, 120ರ ರೆಸಿಸ್ಟರ್ ಸಮಾನಾಂತರವಾಗಿವೆ. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಎಲ್ಲೋ ಉಜ್ಜಿ ಸೇರಿವೆ. ಟಿಪ್ಪರ್‌ನಲ್ಲಿ ಚಾಸಿ ಮೂಲೆಗೆ ಹಾರ್ನೆಸ್ ತಾಗುವ ಜಾಗ, ಕ್ಯಾಬಿನ್ ಎತ್ತುವ ಹಿಂಜ್ ಹತ್ತಿರ ಮೊದಲು ನೋಡಿ.

ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ವೈರ್‌ಗೆ ಹಚ್ಚಬೇಡಿ, ಅದು ಎಳೆಯುವ ಕರೆಂಟ್‌ಗೆ ಒಳಗಿನ ಡ್ರೈವರ್ ಸುಡಬಹುದು. ಟಿಪ್ಪರ್ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ತಂತಿ ಬಿಚ್ಚಿ, ಇಸಿಯು ಸಾಕೆಟ್ ತೆಗೆದು, ಅರ್ಥ್ ಕ್ಲಾಂಪನ್ನು ವೆಲ್ಡ್ ಆಗುವ ಜಾಗದ ಪಕ್ಕದಲ್ಲೇ ಹಾಕಿಸಿ. ಹೊಸ ಇಂಜೆಕ್ಟರ್ ಹಾಕಿದಾಗ ಅದರ ಮೇಲಿನ ಕೋಡ್ ಬರೆದುಕೊಂಡು, ಆ ಇಂಜಿನ್‌ಗೆ ಬೇಕಿದ್ದರೆ ಇಸಿಯುಗೆ ಸೇರಿಸಬೇಕು. ಬಿಟ್ಟರೆ ಇಂಜಿನ್ ನಡುಗುತ್ತದೆ, ಹೊಗೆ ಬರುತ್ತದೆ, ಒಳ್ಳೆಯ ಇಂಜೆಕ್ಟರ್ ಮೇಲೆ ಅಪವಾದ ಬರುತ್ತದೆ.

ಶಹಾಬಾದ್ ರಸ್ತೆ

ಬಹಳ ಉಪಕಾರ ಆಯ್ತ್ರಿ ಅಣ್ಣಾವ್ರೇ, ಮಾಸ್ತರ್ರೇ. ಒಂದೆರಡು ಕೇಳ್ತೀನಿ. ಏರ್ ಬ್ರೇಕ್ ಕೆಲಸದಾಗ ಹೊಸ ಹುಡುಗರು ಏನು ಜಪ್ಪಿಸಿ ಮಾಡಬೇಕು? ಅಪ್ರೆಂಟಿಸ್ ಎಲ್ಲಿ ಮಾಡಿದ್ರ ಛಲೋ? ಸಾಮಾನು ಯಾವುದು ಮೊದಲು ಕೊಡಸಲಿ?

ಡೀಸಲ್ ಮಾಸ್ತರ್

ಅಪ್ರೆಂಟಿಸ್‌ಶಿಪ್ ಸಾಮಾನ್ಯವಾಗಿ ಒಂದು ವರ್ಷ. ಕೆಕೆಆರ್‌ಟಿಸಿ (ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ) ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ, ಪ್ರಕಟಣೆ ಬಂದಾಗ ಬಿಡಬೇಡಿ. ಬಸ್ ಆದರೇನು, ಡೀಸಲ್ ಇಂಜಿನ್, ಏರ್ ಬ್ರೇಕ್, ಗೇರ್‌ಬಾಕ್ಸ್ ಲಾರಿಯವೇ ಜಾತಿ. ಡಿಪೋದಲ್ಲಿ ನಿಗದಿತ ಕಿಲೋಮೀಟರ್‌ಗೆ ಮಾಡುವ ನಿರ್ವಹಣೆಯ ಶಿಸ್ತು ಮೈಗೆ ಹತ್ತುತ್ತದೆ. ಸ್ಕ್ಯಾನರ್, ಬಿಎಸ್6 ಕೈಗೆ ಬೇಗ ಸಿಗಬೇಕೆಂದರೆ ಲಾರಿ ಕಂಪನಿಯ ಡೀಲರ್ ವರ್ಕ್‌ಶಾಪ್ ಮೇಲು. ಎಲ್ಲಿಯೇ ಸೇರಲಿ, ಕರಾರು ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯೇ ನೋಡಿ. ಇಲ್ಲದಿದ್ದರೆ ಕೊನೆಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುವುದಿಲ್ಲ, ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ.

ಹುಮನಾಬಾದ್ ಗ್ಯಾರೇಜ್

ಬ್ರೇಕ್ ಬಗ್ಗೆ ನಾನು ಹೇಳ್ತೀನಿ. ಹಿಂದಿನ ಗಾಲಿಗಿರೋ ಸ್ಪ್ರಿಂಗ್ ಬ್ರೇಕ್ ಚೇಂಬರ್, ಅದೇ ಪಾರ್ಕಿಂಗ್ ಬ್ರೇಕಿಂದು, ಅದರೊಳಗ ಹಲವು ನೂರು ಕಿಲೋ ಒತ್ತಡದಾಗ ಸ್ಪ್ರಿಂಗ್ ಕುಂತಿರತದ. ಅದರ ಕ್ಲಾಂಪ್ ಸೀದಾ ಬಿಚ್ಚಿದ್ರ ಮುಚ್ಚಳ ಗುಂಡಿನಂಗ ಹಾರತದ, ಜೀವ ಹೋಗತದ. ಮೊದಲು ಗಾಲಿ ಉರುಳದಂಗ ಮುಂದ ಹಿಂದ ಕಟ್ಟಿಗಿ ತುಂಡು ಅಡ್ಡ ಇಡಬೇಕು, ಯಾಕಂದ್ರ ಸ್ಪ್ರಿಂಗ್ ಕಟ್ಟಿದ ಮ್ಯಾಲ ಗಾಡಿಗಿ ಪಾರ್ಕಿಂಗ್ ಬ್ರೇಕ್ ಇರಂಗಿಲ್ಲ. ಆಮ್ಯಾಲ ಗಾಳಿ ತುಂಬಿಸಿ ಪಾರ್ಕಿಂಗ್ ಬ್ರೇಕ್ ಬಿಡಬೇಕು, ಕೇಜಿಂಗ್ ಬೋಲ್ಟ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಉದ್ದನ ಬೋಲ್ಟ್) ಹಾಕಿ ಸ್ಪ್ರಿಂಗ್ ಹಿಡಿಸಬೇಕು, ಅದು ಪೂರ್ತಿ ಹಿಡಿದದ ಅಂತ ಖಾತ್ರಿ ಮಾಡ್ಕೊಂಡು ಗಾಳಿ ಖಾಲಿ ಮಾಡಬೇಕು. ಆಗ ಪೈಪ್, ಆಗ ಚೇಂಬರ್. ಚೇಂಬರ್ ಚೂರು ತುಕ್ಕು ತಿಂದಿದ್ರ, ಬೋಲ್ಟ್ ಸರಿ ಕೂಡದಿದ್ರ ಒಳಗ ಬಿಚ್ಚೋ ಹಟ ಬ್ಯಾಡ, ಇಡೀ ಯೂನಿಟ್ ಬದಲಿ ಮಾಡ್ರಿ.

ಆಟೋಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕ್ ಸವೆದಂಗ ಸಡ್ಲು ತಾನೇ ತೆಗಿಯೋ ಭಾಗ) ಇದ್ದ ಗಾಡಿಗಿ ಚೇಂಬರ್ ರಾಡಿನ ಸ್ಟ್ರೋಕ್ ಉದ್ದ ಆಯ್ತಂತ ಪಾನಾ ಹಚ್ಚಿ ತಿರುವಿ ಬಿಡೋದು ತಪ್ಪು. ಅದು ತಾನೇ ಎಳಕೊಳ್ಳಬೇಕು. ಎಳಕೊಳ್ಳವಲ್ದು ಅಂದ್ರ ಕ್ಲೆವಿಸ್ ಪಿನ್ ಸವೆದಿರತದ, ಬುಷ್ ಹೋಗಿರತದ, ಇಲ್ಲಾ ಅಡ್ಜಸ್ಟರೇ ಸತ್ತಿರತದ. ಗಾಳಿ ಸೋರಿಕಿ ನೋಡಾಕ ಸಾಬೂನು ನೀರು ಸಾಕು. ಟ್ಯಾಂಕಿನ ನೀರು ದಿನಾ ಬಿಡಬೇಕು. ನೀರಿನ ಜೋಡಿ ಎಣ್ಣಿ ಬಂದ್ರ ಕಂಪ್ರೆಸರ್ ರಿಂಗ್ ನೋಡ್ರಿ.

ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇದ್ದ ಗಾಡಿ ರೀಜನರೇಷನ್‌ಗಿ, ಅಂದ್ರ ಆ ಮಸಿ ಸುಡಾಕ, ನಿಲ್ಲಿಸೋದಿದ್ರ ಕೆಳಗ ಒಣ ಹುಲ್ಲು, ತೊಗರಿ ಹೊಟ್ಟು ಇರಬಾರದು. ಒಳಗ 600 ಡಿಗ್ರಿ ಹತ್ತಿರ ಹೋಗತದ, ದಾಲ್ ಮಿಲ್ ಅಂಗಳದಾಗ ಅಂತೂ ಮಾಡಲೇಬಾರದು.

ಸಾಮಾನು ಎಲ್ಲಾ ಒಮ್ಮೆ ಕೊಡಸಬ್ಯಾಡ್ರಿ. ಮೊದಲು ಒಳ್ಳೇ ಮಲ್ಟಿಮೀಟರ್, 0.05ರಿಂದ 1 ಮಿ.ಮೀ. ತನಕ ಇರೋ ಫಿಲ್ಲರ್ ಗೇಜ್, 8ರಿಂದ 32ರ ತನಕ ರಿಂಗ್ ಮತ್ತ ಡಬಲ್ ಎಂಡ್ ಪಾನಾ, ಅರ್ಧ ಇಂಚಿನ ಸಾಕೆಟ್ ಸೆಟ್, ಕಣ್ಣಿಗಿ ಕನ್ನಡಕ, ಸುರಕ್ಷಾ ಬೂಟು. ಟಾರ್ಕ್ ರೆಂಚ್ ವರ್ಕ್‌ಶಾಪಿನಾಗೇ ಇರತದ, ಸ್ವಂತ ಕೆಲಸ ಹಿಡಿದಾಗ ತಗೋಬಹುದು. ಸ್ಕ್ಯಾನರ್ ಮೀಟರ್ ಕೈಗಿ ಹತ್ತಿದ ಮ್ಯಾಲ. ಅಡ್ಮಿಷನ್ ಆದ ಮ್ಯಾಲ ಯಾವ ಇಂಜನ್ ಮ್ಯಾಲ ಕಲಿಸ್ತಾರ ಅಂತ ಇಲ್ಲೇ ಬರೀರಿ, ಅದರ ಅಳತಿ, ಟಾರ್ಕ್ ನೋಡಿ ಹೇಳ್ತೀವಿ.