ಸಹಾಯ ಬೇಕು: ಸೊಲಾರಿಸ್ 10ಕ್ಕೆ ಪ್ಯಾಚ್ ಹಾಕೋದು, ವಾರ್ (/var) ಡೈರೆಕ್ಟರಿಯಲ್ಲಿ ಜಾಗ ಇಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತೇನೆ. ಇಲ್ಲೊಂದು ಹಳೆಯ ಸ್ಪಾರ್ಕ್ ಸರ್ವರ್ ಇದೆ, ಅದರಲ್ಲಿರೋದು ಸೊಲಾರಿಸ್ 10 ಅನ್ನೋ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್. ಸ್ಟೋರ್ಸ್ ಲೆಕ್ಕ, ಗೇಟ್ ಪಾಸ್ ಎಲ್ಲಾ ಅದರ ಮೇಲೇ ನಡೆಯುತ್ತದೆ. ಲಿನಕ್ಸಿಗೆ ಹೋಗಿ ಅಂತ ದಯವಿಟ್ಟು ಹೇಳಬೇಡಿ, ಅದು ನನ್ನ ಕೈಲಿಲ್ಲ.

ಸಪೋರ್ಟ್ ಕಾಂಟ್ರ್ಯಾಕ್ಟ್ ಇದೆ. ರೆಕಮೆಂಡೆಡ್ ಪ್ಯಾಚ್‌ಸೆಟ್ (ಹಾಕಿ ಅಂತ ಕಂಪನಿಯೇ ಹೇಳುವ ತಿದ್ದುಪಡಿಗಳ ಕಟ್ಟು) ಇಳಿಸಿಕೊಂಡಿದ್ದೇನೆ. ಅದನ್ನು ಹಾಕೋಕೆ ಬೇಕಾದ ಪಾಸ್‌ಕೋಡ್ ರೀಡ್‌ಮಿ ಫೈಲಿನ ಒಳಗೇ ಇತ್ತು. ಓದದೆ ಯಾರೂ ಹಾಕಬಾರದು ಅಂತ ಮಾಡಿದ್ದಾರೆ, ಒಳ್ಳೆ ಉಪಾಯ ಅಲ್ವಾ!

ತೊಂದರೆ ಇರೋದು ಜಾಗದ್ದು. ಪ್ಯಾಚ್ ಹಾಕುವಾಗ ಹಳೆಯ ಫೈಲುಗಳ ಒಂದು ಪ್ರತಿ ವಾರ್‌ ಒಳಗೆ, ಸ್ಯಾಡ್ಮ್ (/var/sadm) ಡೈರೆಕ್ಟರಿಯಲ್ಲಿ ಉಳಿಯುತ್ತದೆ. ಡಿಸ್ಕ್ ಜಾಗ ತೋರಿಸುವ ಡಿಎಫ್ (df) ಕಮಾಂಡ್ ಕೊಟ್ಟು ನೋಡಿದರೆ ವಾರ್ ಈಗಲೇ 91% ತುಂಬಿದೆ. ಪ್ಯಾಚ್ ಹಾಕುವ ಪ್ಯಾಚ್‌ಆಡ್ (patchadd) ಕಮಾಂಡ್‌ಗೆ ಮೈನಸ್ ಡಿ (-d) ಕೊಟ್ಟರೆ ಪ್ರತಿ ಇಡುವುದಿಲ್ಲ, ಸರಿ. ಆದರೆ ಆಮೇಲೆ ಏನಾದರೂ ಕೈಕೊಟ್ಟರೆ ಪ್ಯಾಚ್‌ಆರ್‌ಎಂ (patchrm) ಕಮಾಂಡ್ ಹಾಕಿ ಪ್ಯಾಚ್ ವಾಪಸ್ ತೆಗೆಯೋಕೆ ಆಗಲ್ಲ. ಆ ಧೈರ್ಯ ನನಗಿಲ್ಲ.

ಹಾಗಾಗಿ ಸೊಲಾರಿಸ್‌ನ ಲೈವ್ ಅಪ್‌ಗ್ರೇಡ್ ಮಾಡೋಣ ಅಂದುಕೊಂಡೆ. ಇನ್ನೊಂದು ಬೂಟ್ ಎನ್ವಿರಾನ್‌ಮೆಂಟ್ (ಬೂಟ್ ಮಾಡಬಹುದಾದ ಸಿಸ್ಟಮ್‌ನ ಪ್ರತಿ) ಮಾಡಿ ಪ್ಯಾಚ್ ಅದಕ್ಕೆ ಹಾಕಿದರೆ, ರೀಬೂಟ್ ಆಗುವಷ್ಟು ಹೊತ್ತು ಮಾತ್ರ ಕೆಲಸ ನಿಲ್ಲುತ್ತದೆ. ಆದರೆ ನಮ್ಮ ರೂಟ್ ಇರೋದು ಯುಎಫ್‌ಎಸ್ ಫೈಲ್ ಸಿಸ್ಟಮ್‌ನಲ್ಲಿ, ಇರುವ ಎರಡೂ ಡಿಸ್ಕ್ ಎಸ್‌ವಿಎಂ (ಸೊಲಾರಿಸ್ ವಾಲ್ಯೂಮ್ ಮ್ಯಾನೇಜರ್) ಮಿರರ್‌ನಲ್ಲಿವೆ, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ. ಮಿರರ್‌ನ ಒಂದು ಬದಿ ಬಿಡಿಸಿಕೊಂಡು ಅದರ ಮೇಲೆ ಮಾಡಬಹುದಾ? ಯಾರಾದರೂ ಮಾಡಿದ್ದೀರಾ? ಇಲ್ಲಾಂದ್ರೆ ಪ್ಯಾಚ್‌ಆಡ್‌ಗೆ ದೊಡ್ಡ ಬಿ (-B) ಕೊಟ್ಟು ಆ ಪ್ರತಿಗಳನ್ನು ಬೇರೆ ಡೈರೆಕ್ಟರಿಗೆ ಕಳಿಸೋದೇ ವಾಸಿನಾ?

ಪ್ಯಾಚ್ ಹಾಕುವಾಗ ರಿಟರ್ನ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) 2, 8 ಬಂದರೆ ಹೆದರಬೇಕಿಲ್ಲ ಅಂತ ಗೊತ್ತು. ಪ್ಯಾಚ್ ಮೊದಲೇ ಇದೆ, ಇಲ್ಲವೇ ಆ ಪ್ಯಾಕೇಜೇ ಇಲ್ಲ ಅಂತ ಅಷ್ಟೇ.

ಸರ್ವರ್ ನಿಲ್ಲಿಸೋಕೆ ಭಾನುವಾರ ಮಾತ್ರ ಒಪ್ಪುತ್ತಾರೆ. ಮೈಸೂರು, ಮಂಡ್ಯ ಕಡೆಯವರು ಯಾರಾದರೂ ಜೊತೆಗೆ ಕೂರೋಕೆ ಬಂದರೆ ಬಸ್ ಚಾರ್ಜು, ಊಟ ನಂದು.