ಪದಚರ್ಚೆ: ‘ಮೂಡಿ’ ಆಲ್ಬಂಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಧ್ವನಿಮುದ್ರಿಕೆಗಳ ಹೊದಿಕೆ ಚಿತ್ರಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಕೊಡಬೇಕು. ಸಿಕ್ಕಿಹಾಕಿಕೊಂಡಿರುವುದು ಸ್ಲಿಂಟ್ ಎಂಬ ರಾಕ್ ತಂಡದ ಆಲ್ಬಂ ‘ಸ್ಪೈಡರ್‌ಲ್ಯಾಂಡ್’ನಲ್ಲಿ. ಅಮೆರಿಕದ ಲೂಯಿವಿಲ್ ಊರಿನ ನಾಲ್ವರು ಹುಡುಗರು, ಆರೇ ಹಾಡು, 1991ರಲ್ಲಿ ಷಿಕಾಗೋದ ಟಚ್ ಅಂಡ್ ಗೋ ಎಂಬ ಸ್ವತಂತ್ರ ಕಂಪನಿ ಹೊರತಂದದ್ದು. ಇಂಗ್ಲಿಷ್ ಮೂಲದಲ್ಲಿ ‘ಇಂಡೀ’ (ದೊಡ್ಡ ಕಂಪನಿಗಳ ಹಂಗಿಲ್ಲದ), ‘ಮೂಡಿ’ (ಮಂಕು ಕವಿದ), ‘ಜಾನರ್ ಬ್ಲೆಂಡಿಂಗ್’ (ಸಂಗೀತ ಪ್ರಕಾರಗಳನ್ನು ಬೆರೆಸುವ) ಎಂಬ ಮೂರು ಮಾತುಗಳಿವೆ. ‘ಮೂಡಿ’ಯನ್ನು ಹಾಗೆಯೇ ಬಿಟ್ಟರೆ ‘ಚೆನ್ನಾಗಿ ಮೂಡಿ ಬಂದ’ ಎಂದು ಓದಿಕೊಳ್ಳುತ್ತಾರೆ. ‘ಇಂಡಿ ರಾಕ್’ ಎಂದರೆ ವಿಜಯಪುರದ ಕಡೆಯವರಿಗೆ ನಿಂಬೆಹಣ್ಣು ನೆನಪಾಗುತ್ತದೆ. ಜಾಗ ಇರುವುದು ಮೂರು ಸಾಲಿಗೆ.
— ಅನುವಾದಕಿ

ಮೊದಲು ‘ರಾಕ್’ ತೆಗೆಯಿರಿ. ಬಂಡೆ ಎಂಬ ಅಚ್ಚಗನ್ನಡ ಪದ ಇರುವಾಗ ಎರವಲು ಏಕೆ? ಬಂಡೆಹಾಡು. ‘ಮೂಡಿ’ಗೆ ‘ಬೇಗುದಿಯ’ ಎನ್ನಿ. ಬೇ ಎಂದರೆ ಬೇಯುವುದು, ಅದಕ್ಕೆ ಕುದಿ ಸೇರಿತು, ಕಕಾರಕ್ಕೆ ಗಕಾರ ಬಂತು. ಸಂಸ್ಕೃತದ ಸೋಂಕಿಲ್ಲ.
— ನಿವೃತ್ತ ಅಧ್ಯಾಪಕ

ಬಂಡೆ ತಪ್ಪು. ಇಂಗ್ಲಿಷಿನಲ್ಲಿ ರಾಕ್ ಎಂಬ ಎರಡು ಬೇರೆ ಬೇರೆ ಪದಗಳಿವೆ. ಸಂಗೀತದ್ದು ತೊಟ್ಟಿಲು ತೂಗುವ ರಾಕ್, ಕಲ್ಲಿಗೂ ಅದಕ್ಕೂ ನಂಟಿಲ್ಲ. ಹೊದಿಕೆಯಲ್ಲಿ ಆ ನಾಲ್ವರೂ ಹಳೆಯ ಕಲ್ಲುಕ್ವಾರಿಯ ನೀರಿನಲ್ಲಿ ತಲೆ ಮಾತ್ರ ಮೇಲಿಟ್ಟುಕೊಂಡು ನಗುತ್ತಿದ್ದಾರೆ. ಅದನ್ನು ನೋಡಿ ಬಂಡೆ ಎಂದಿರಾದರೆ ಕ್ಷಮಿಸಬಹುದು.

ಬೇಗುದಿಯೂ ಒಪ್ಪುವುದಿಲ್ಲ. ಆಲ್ಬಂ ಕೇಳಿದ್ದೀರಾ? ‘ಡಾನ್, ಅಮನ್’ ಹಾಡಿನಲ್ಲಿ ಡ್ರಮ್ಮೇ ಇಲ್ಲ. ಗಿಟಾರಿನ ಜೊತೆ ಒಬ್ಬ ತಗ್ಗಿದ ದನಿಯಲ್ಲಿ, ಪಕ್ಕದ ಕೋಣೆಯವರಿಗೆ ಕೇಳಿಸಬಾರದು ಎಂಬಂತೆ ಕಥೆ ಹೇಳುತ್ತಾನೆ. ಕೊನೆಯ ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’ನಲ್ಲಿ ಹಡಗು ಒಡೆದು ದಡ ಸೇರಿದವನೊಬ್ಬ ಬಾಗಿಲು ಬಡಿಯುತ್ತಾನೆ. ಮಾತಿಗೂ ಹಾಡಿಗೂ ನಡುವೆ ತಡೆದಿಟ್ಟ ದನಿ ಕಟ್ಟಕಡೆಗೆ ಕಿರುಚಾಟವಾಗಿ ಒಡೆಯುತ್ತದೆ. ಅಲ್ಲಿಯತನಕ ಏನೂ ಉಕ್ಕುವುದಿಲ್ಲ, ಮೋಡದ ಹಾಗೆ ಕವಿದಿರುತ್ತದೆ. ‘ದುಗುಡ ಕವಿದ’ ಎನ್ನಿ.
— ಧಾರವಾಡದಿಂದ

‘ಪ್ರಕಾರಬೆರಕೆ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ, ವ್ಯಾಕರಣ ಒಪ್ಪದ ಸಮಾಸ. ಮೇಲಾಗಿ ಬೆರಕೆ ಎಂದರೆ ಹಾಲಿಗೆ ನೀರು.
— ವ್ಯಾಕರಣಪ್ರಿಯ

ಅರಿಸಮಾಸಕ್ಕೆ ಬಿರುದಾವಳಿಯಲ್ಲಿ ವಿನಾಯಿತಿ ಕೊಟ್ಟವನೂ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಅಲ್ಲವೇ? ಫಲಕವೂ ಒಂದು ಬಿರುದಾವಳಿಯೇ. ಇನ್ನು ‘ಇಂಡೀ’: ಚುನಾವಣೆಯಲ್ಲಿ ಪಕ್ಷೇತರ ಎನ್ನುತ್ತೇವೆ. ಪಕ್ಷೇತರ ರಾಕ್ ಎಂದರೆ ಠೇವಣಿ ಉಳಿಯುವುದು ಕಷ್ಟ.
— ಶಿವಮೊಗ್ಗದಿಂದ

ತಮಾಷೆ ಸಾಕು. ರಾಕ್ ಇರಲಿ, ಆಲ್ಬಂ ಇರಲಿ, ಗಿಟಾರ್ ಇರಲಿ ಎನ್ನುತ್ತಾ ಹೋದರೆ ಫಲಕದಲ್ಲಿ ಕನ್ನಡವೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಪದ ಹುಟ್ಟಿಸಲು ಸೋಮಾರಿತನ, ಅದಕ್ಕೆ ಉದಾರತೆ ಎಂಬ ಹೆಸರು.
— ನಿವೃತ್ತ ಅಧ್ಯಾಪಕ

ಮೇಷ್ಟರೇ, ಸಂಗೀತ ಕಚೇರಿಗೆ ಹೋಗುತ್ತೀರಲ್ಲ, ಆ ‘ಕಚೇರಿ’ ಯಾವ ಹಳಗನ್ನಡ ಶಾಸನದಲ್ಲಿದೆ? ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿದರು. ಫಿಡಲ್ ಪಿಟೀಲಾಯಿತು. ಯಾವ ಸಮಿತಿಯೂ ಕೂತು ಟಂಕಿಸಿದ್ದಲ್ಲ. ನಮ್ಮ ನಾಲಿಗೆ ಅದನ್ನು ತೊಳೆದು ಒಳಗೆ ಕರೆದುಕೊಂಡಿತು. ರಾಕ್ ಅಂತೂ ತೊಳೆಯುವ ಮೊದಲೇ ಒಳಗೆ ಬಂದು ಕೂತಿದೆ.
— ಧಾರವಾಡದಿಂದ

ಒಳಗೆ ಬಂದವರೆಲ್ಲ ನೆಂಟರಲ್ಲ.
— ನಿವೃತ್ತ ಅಧ್ಯಾಪಕ

ಎಲ್ಲರಿಗೂ ಧನ್ಯವಾದ. ‘ಬ್ಲೆಂಡಿಂಗ್’ಗೆ ಪದ ಹುಡುಕುವುದನ್ನು ಬಿಟ್ಟು ಕ್ರಿಯಾಪದಕ್ಕೆ ಕೆಲಸ ಕೊಟ್ಟೆ. ಅಚ್ಚಿಗೆ ಹೋದದ್ದು ಇದು:

‘ಸ್ಲಿಂಟ್, ಅಮೆರಿಕದ ಸ್ವತಂತ್ರ ರಾಕ್ ತಂಡ. ಸ್ಪೈಡರ್‌ಲ್ಯಾಂಡ್, 1991. ದುಗುಡ ಕವಿದ ಆರು ಹಾಡುಗಳು. ಯಾವ ಒಂದು ಪ್ರಕಾರದೊಳಗೂ ಪೂರ್ತಿ ನಿಲ್ಲುವುದಿಲ್ಲ.’
— ಅನುವಾದಕಿ

‘ಸ್ವತಂತ್ರ’ ಸಂಸ್ಕೃತ. ‘ಪ್ರಕಾರ’ವೂ.
— ನಿವೃತ್ತ ಅಧ್ಯಾಪಕ